ವಾಚ್ ಹೇಳಿದ್ದೆಲ್ಲ ನಂಬಬಹುದಾ ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಕೈಗೆ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡ್. ದೀಪಾವಳಿಗೆ ಊರಿಗೆ ಬಂದ ಮಕ್ಕಳು ಅಪ್ಪ ಅಮ್ಮನಿಗೆ ಪಂಚೆ, ಸೀರೆ ಬಿಟ್ಟು ಇದನ್ನೇ ಕೊಟ್ಟು ಹೋಗಿದ್ದಾರೆ ಅಂತ ಕಾಣುತ್ತದೆ. ದಾವಣಗೆರೆಯ ನನ್ನ ಕ್ಲಿನಿಕ್ಕಿನಲ್ಲೂ ಅದೇ ಕಥೆ. ಮೊದಲೆಲ್ಲ ಬಂದವರು ಕೂತ ಕೂಡಲೇ ಏನಾಗಿದೆ ಅಂತ ಹೇಳುತ್ತಿದ್ದರು. ಈಗ ಫೋನ್ ತೆಗೆದು ಗ್ರಾಫ್ ತೋರಿಸುತ್ತಾರೆ. ಹೊಟ್ಟೆನೋವಿಗೆ ಬಂದವರೂ ತೋರಿಸುತ್ತಾರೆ!

ಉತ್ತರಕ್ಕೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಮುಂದೆ ಎಲ್ಲ ಕಡೆ ಬೇಕಾಗುತ್ತದೆ. ಸಾಧಾರಣ ಬ್ಯಾಂಡ್ ನಿಜವಾಗಿ ಅಳೆಯುವುದು ಎರಡೇ. ಒಂದು, ನಿಮ್ಮ ಕೈಯ ಅಲುಗಾಟ. ಇನ್ನೊಂದು, ಚರ್ಮದೊಳಕ್ಕೆ ಹೋಗಿ ವಾಪಸ್ ಬರುವ ಬೆಳಕು. ಬ್ಯಾಂಡ್ ಬಿಚ್ಚಿ ಹಿಂಬದಿ ನೋಡಿ, ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಂದು ಸಲ ಬಡಿದಾಗ ಮಣಿಕಟ್ಟಿಗೆ ರಕ್ತ ನುಗ್ಗುತ್ತದೆ, ವಾಪಸ್ ಬರುವ ಬೆಳಕು ಅಷ್ಟು ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿದರೆ ನಾಡಿ ಸಿಕ್ಕಿತು. ಉಳಿದದ್ದೆಲ್ಲ, ಅಂದರೆ ಕ್ಯಾಲರಿ, ನಿದ್ದೆಯ ಅಂಕ, ಒತ್ತಡದ ಅಂಕ, ಕೆಲವದರಲ್ಲಿ ಬಿಪಿ, ಈ ಎರಡರ ಮೇಲೆ ಕಟ್ಟಿದ ಲೆಕ್ಕಾಚಾರ. ದುಬಾರಿ ವಾಚುಗಳಲ್ಲಿ ಇಸಿಜಿ ತರಹದ್ದು ಇನ್ನೊಂದೆರಡು ಇರುತ್ತದೆ, ಅದು ಬಂದಾಗ ಹೇಳುತ್ತೇನೆ. ಅಳತೆ ಯಾವುದು, ಲೆಕ್ಕಾಚಾರ ಯಾವುದು ಅಂತ ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ನೀವೇ ಉತ್ತರ ಕೊಟ್ಟುಕೊಳ್ಳಬಹುದು.

ಪ್ರಶ್ನೆ: ನನಗೆ 67 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮಗ ಬ್ಯಾಂಡ್ ಕೊಡಿಸಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂದಿದ್ದಾನೆ. ಏಳು ಸಾವಿರಕ್ಕೆ ಮಂಡಿ ಹಿಡಿದುಕೊಳ್ಳುತ್ತದೆ. ರಾತ್ರಿ ಊಟ ಆದ ಮೇಲೆ ಬಾಕಿ ಹೆಜ್ಜೆಯನ್ನು ಹಾಲ್‌ನಲ್ಲಿ ಸುತ್ತಿ ಮುಗಿಸುತ್ತೇನೆ. ಇದು ಬೇಕಾ?
– ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಮೇಷ್ಟ್ರೇ, ಆ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಕೇಳಿದರೆ ನಿಮಗೆ ನಗು ಬರುತ್ತದೆ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ಆಯಿತು. ಜಪಾನಿನಲ್ಲಿ ಎಲ್ಲರಿಗೂ ವ್ಯಾಯಾಮದ ಹುಮ್ಮಸ್ಸು. ಮರುವರ್ಷ ಅಲ್ಲಿನ ಯಮಾಸಾ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟಿತು. ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಅಂತಲೇ ಹೆಸರಿಟ್ಟಿತು. ಅಂಕಿ ಗುಂಡಗಿತ್ತು, ನೆನಪಿನಲ್ಲಿ ಉಳಿಯುವಂತಿತ್ತು. ಈಗ ನಿಮ್ಮ ಬ್ಯಾಂಡ್‌ನೊಳಗೂ ಅದೇ ಕೂತಿದೆ.

ಸಂಶೋಧನೆ ಏನನ್ನುತ್ತದೆ ಅಂದರೆ, 2019ರಲ್ಲಿ ಅಮೆರಿಕದ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ತಂಡ ಸುಮಾರು 16,700 ಹಿರಿಯ ಹೆಂಗಸರ ಹೆಜ್ಜೆ ಎಣಿಸಿ ಲೆಕ್ಕ ಪ್ರಕಟಿಸಿದರು. ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುತ್ತಿದ್ದವರಿಗಿಂತ 4,400 ಹಾಕುತ್ತಿದ್ದವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಹೆಜ್ಜೆ ಏರಿದಂತೆ ಇನ್ನೂ ಇಳಿಯಿತು. ಆದರೆ 7,500ರ ಹತ್ತಿರ ಬಂದ ಮೇಲೆ ಹೆಚ್ಚು ನಡೆದವರಿಗೆ ಹೆಚ್ಚು ಲಾಭ ಕಾಣಲಿಲ್ಲ. ಅದು ಹೆಂಗಸರ ಲೆಕ್ಕ, ನಡೆಯುವ ಶಕ್ತಿ ಇದ್ದವರೇ ಜಾಸ್ತಿ ನಡೆದಿರಬಹುದು, ಇದೆಲ್ಲ ನೀವು ಗಣಿತದವರು ಕೇಳುವ ಪ್ರಶ್ನೆಗಳು, ಕೇಳಬೇಕಾದ್ದೇ. ಆದರೂ ಹತ್ತು ಸಾವಿರ ಮುಟ್ಟದಿದ್ದರೆ ನಡೆದದ್ದೆಲ್ಲ ವ್ಯರ್ಥ ಅನ್ನುವ ಮಾತಿಗೆ ಆಧಾರ ಇಲ್ಲ ಅಂತ ಗೊತ್ತಾಗುತ್ತದೆ.

ಮಂಡಿ ನೋಯುವ ಮೊದಲೇ ನಿಲ್ಲಿಸಿ. ಆರು ಸಾವಿರ ಆದರೆ ಆರು ಸಾವಿರ. ಅದನ್ನೇ ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ. ಬ್ಯಾಂಡ್‌ನ ಆ್ಯಪ್‌ನಲ್ಲಿ ಗುರಿ ಬದಲಾಯಿಸಬಹುದು, ಮಗನ ಕೈಯಲ್ಲೇ ಬದಲಾಯಿಸಿಸಿ. ಉಳಿದ ಸಮಯದಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ ಮಾಡಿ, ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಯಾಂಡ್‌ಗೆ ಇದು ಹೆಜ್ಜೆಯಾಗಿ ಕಾಣುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ. ಇನ್ನು ರಾತ್ರಿ ಹಾಲ್‌ನಲ್ಲಿ ಸುತ್ತುವುದು. ಊಟ ಆದ ಮೇಲೆ ಹತ್ತು ನಿಮಿಷ ನಿಧಾನ ಓಡಾಡಿದರೆ ಒಳ್ಳೆಯದೇ, ಸಕ್ಕರೆ ಕಾಯಿಲೆ ಇದ್ದವರಿಗಂತೂ. ಆದರೆ ಅಂಕಿ ಮುಗಿಸಲು ಮಂಡಿ ಹಿಡಿದುಕೊಂಡು ಸುತ್ತುವುದು ಬೇಡ.

ಪ್ರಶ್ನೆ: ಮೇಡಂ, ಜೋಳದ ರೊಟ್ಟಿ ಬಡಿಯುವಾಗ ನನ್ನ ಬ್ಯಾಂಡ್‌ನಲ್ಲಿ ಹೆಜ್ಜೆ ಏರುತ್ತದೆ. ನಿಂತ ಜಾಗ ಬಿಟ್ಟು ಕದಲಿರುವುದಿಲ್ಲ! ಅದೇ ಅಡಿಗೆಮನೆಯಲ್ಲಿ ಇಡೀ ದಿನ ಓಡಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ಕೆಟ್ಟಿದೆಯಾ?
– ಗೃಹಿಣಿ, ಹಾವೇರಿ

ಕೆಟ್ಟಿಲ್ಲಮ್ಮ. ನಿಮ್ಮ ಪತ್ರ ಓದಿ ಆಸೆಯಾಗಿ ನಾನೂ ನೋಡಿದೆ. ನಮ್ಮ ಮನೆಗೆ ರೊಟ್ಟಿ ಮಾಡಲು ಬರುವ ಅಕ್ಕನ ಬಲಗೈಗೆ ಬ್ಯಾಂಡ್ ಕಟ್ಟಿದೆ. ಹಿಟ್ಟು ನಾದುವಾಗ ಅಂಕಿ ಆಗೊಮ್ಮೆ ಈಗೊಮ್ಮೆ ಕದಲಿತು. ಉಂಡೆ ಮಾಡಿ ಪಟಪಟ ಬಡಿಯಲು ಶುರು ಮಾಡಿದರು ನೋಡಿ, ಓಡಿದ ಹಾಗೆ ಏರಿತು. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಲ್ಲಿ ನೀರು ಸವರುವಾಗ ನಿಂತಿತು. ಮುಂದಿನ ಉಂಡೆಗೆ ಮತ್ತೆ ಏರಿತು. ಎಡಗೈಗೆ ಬದಲಾಯಿಸಿದಾಗ ಏರಿಕೆ ಕಡಿಮೆಯಾಯಿತು, ಯಾಕೆಂದರೆ ಎಡಗೈ ರೊಟ್ಟಿ ತಿರುಗಿಸುತ್ತದೆ, ಬಡಿಯುವುದು ಬಲಗೈ. ಆ ಅಕ್ಕ ಮಾತ್ರ ‘ಹಂಗಾರ ನಾ ದಿನಾ ಹುಬ್ಬಳ್ಳಿಗೆ ನಡಕೊಂಡು ಹೋಗಿ ಬಂದಂಗಾತು ಬಿಡ್ರಿ’ ಅಂದರು.

ಬ್ಯಾಂಡ್‌ಗೆ ಕಾಲು ಕಾಣುವುದಿಲ್ಲ. ಕೈ ಒಂದೇ ತಾಳದಲ್ಲಿ ಅಲ್ಲಾಡಿದರೆ ನಡಿಗೆ ಅಂತ ತಿಳಿಯುತ್ತದೆ. ಸುಳ್ಳು ಎಣಿಕೆ ಆಗಬಾರದು ಅಂತ ಹೆಚ್ಚಿನವು ಒಂದಷ್ಟು ಅಲುಗಾಟ ಒಂದೇ ಸಮ ಬರುವವರೆಗೆ ಕಾದು ಆಮೇಲೆ ಎಣಿಸಲು ಶುರು ಮಾಡುತ್ತವೆ. ಒಲೆಯಿಂದ ಫ್ರಿಜ್ಜಿಗೆ ನಾಲ್ಕು ಹೆಜ್ಜೆ, ಅಲ್ಲಿಂದ ಸಿಂಕಿಗೆ ಮೂರು ಹೆಜ್ಜೆ. ಅದು ಶುರುವಾಗುವಷ್ಟರಲ್ಲಿ ನೀವು ನಿಂತಿರುತ್ತೀರಿ. ಕೊಡ ಹಿಡಿದು ನಡೆದರೆ, ಮಗುವನ್ನು ಎತ್ತಿಕೊಂಡು ನಡೆದರೆ, ತಳ್ಳುಗಾಡಿ ಹಿಡಿದು ನಡೆದರೆ ಕೈ ಅಲ್ಲಾಡುವುದಿಲ್ಲ, ಆಗಲೂ ಎಣಿಕೆ ತಪ್ಪುತ್ತದೆ. ಊರುಗೋಲು ಹಿಡಿದು ನಿಧಾನ ನಡೆಯುವ ಅಜ್ಜ ಅಜ್ಜಿಯರ ಹೆಜ್ಜೆ ಕೂಡ ಎಷ್ಟೋ ಸಲ ಬಿಟ್ಟುಹೋಗುತ್ತದೆ.

ಕೆಲಸಕ್ಕೆ ಕಡಿಮೆ ಬಳಸುವ ಕೈಗೆ ಕಟ್ಟಿ, ಯಾವ ಕೈ ಅಂತ ಆ್ಯಪ್‌ನಲ್ಲಿ ತುಂಬಿ. ಒಂದು ಸಲ ಬಯಲಲ್ಲಿ ಬಾಯಲ್ಲಿ ನೂರು ಎಣಿಸುತ್ತಾ ನಡೆದು ಎಷ್ಟು ತೋರಿಸುತ್ತದೆ ನೋಡಿ. ನೂರರ ಆಸುಪಾಸು ಬಂದರೆ ವಾಕಿಂಗ್‌ಗೆ ಅದು ಸಾಕು. ಇನ್ನು ಮನೆಕೆಲಸ ಲೆಕ್ಕಕ್ಕೆ ಬಾರದಿದ್ದರೆ ಬೇಜಾರು ಬೇಡ. ಮೈಗೆ ಗೊತ್ತಿರುತ್ತದೆ. ಮನೆಯವರಿಗೆ ಗೊತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಈ ಅಂಕಣದಲ್ಲಿ ಜಾಗ ಸಾಲದು.

ಪ್ರಶ್ನೆ: ನನ್ನ ವಾಚ್‌ನಲ್ಲಿ ಬಿಪಿ ಬರುತ್ತದೆ. 1,800 ರೂಪಾಯಿ ಕೊಟ್ಟೆ. ಯಾವಾಗ ನೋಡಿದರೂ 120ರ ಹತ್ತಿರವೇ ಇರುತ್ತದೆ. ಹಾಗಾಗಿ ಬಿಪಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದೇನೆ. ಪೂರ್ತಿ ಬಿಡಬಹುದಾ?
– ಅಡಿಕೆ ವ್ಯಾಪಾರಿ, ಚನ್ನಗಿರಿ

ನಿಮ್ಮ ನಂಬರ್ ಪತ್ರದಲ್ಲೇ ಇದ್ದದ್ದು ಒಳ್ಳೆಯದಾಯಿತು. ಫೋನ್‌ನಲ್ಲಿ ಹೇಳಿದ್ದನ್ನೇ ಎಲ್ಲರಿಗೂ ಗೊತ್ತಾಗಲಿ ಅಂತ ಇಲ್ಲೂ ಬರೆಯುತ್ತೇನೆ. ಇವತ್ತೇ ಪೂರ್ತಿ ಮಾತ್ರೆಗೆ ವಾಪಸ್ ಹೋಗಿ, ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ತೋಳಿಗೆ ಪಟ್ಟಿ ಕಟ್ಟಿ ಅಳೆಸಿ. ಮಾತ್ರೆ ಇಳಿಸುವುದೋ ಬಿಡುವುದೋ ಅವರು ಹೇಳಲಿ.

ಬಿಪಿ ಅಂದರೆ ರಕ್ತನಾಳದೊಳಗಿನ ಒತ್ತಡ. ಅದನ್ನು ಅಳೆಯಲು ಹೊರಗಿನಿಂದ ಒತ್ತಬೇಕು. ತೋಳಿಗೆ ಕಟ್ಟುವ ಪಟ್ಟಿ ಗಾಳಿ ತುಂಬಿ ಒತ್ತುತ್ತದೆ. ನಿಮ್ಮ ವಾಚ್ ಎಲ್ಲಿ ಒತ್ತುತ್ತದೆ? ಹಸಿರು ದೀಪ ಉರಿಸಿ ನಾಡಿಯ ಅಲೆ ನೋಡಿ, ನೀವು ತುಂಬಿದ ವಯಸ್ಸು, ತೂಕ ಸೇರಿಸಿ ಒಂದು ಅಂದಾಜು ಕೊಡುತ್ತದೆ. ಕಡಿಮೆ ಬೆಲೆಯವು ಹೆಚ್ಚಾಗಿ ಯಾರಿಗೆ ಕಟ್ಟಿದರೂ ನಾರ್ಮಲ್ ಅನ್ನಿಸುವ ಅಂಕಿಯ ಸುತ್ತಲೇ ಆಡುತ್ತವೆ.

ನಂಬದ ಒಬ್ಬರಿಗೆ ಒಂದು ದಿನ ಕ್ಲಿನಿಕ್ಕಿನಲ್ಲೇ ತೋರಿಸಿದೆ. ಕೈ ಒರೆಸುವ ಟವೆಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ ಅವರದ್ದೇ ವಾಚನ್ನು ಅದಕ್ಕೆ ಕಟ್ಟಿ ಮೇಜಿನ ಮೇಲಿಟ್ಟೆ. ಹಸಿರು ದೀಪ ಮಿನುಗಿತು. ಸ್ವಲ್ಪ ಹೊತ್ತು ಗೆರೆ ಗೆರೆ ತೋರಿಸಿತು. ಆಮೇಲೆ ಟವೆಲ್ಲಿಗೆ ನಾಡಿ 78, ಬಿಪಿ 117/75 ಅಂತ ಬಂತು. ಅವರು ಟವೆಲ್ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ತೋಳು ಮುಂದೆ ಮಾಡಿದರು. ಪಟ್ಟಿ ಕಟ್ಟಿ ನೋಡಿದರೆ 164/98.

ಎಲ್ಲ ಕಂಪನಿಯದ್ದೂ ಒಂದೇ ಅಲ್ಲ, ಸರಿ. ಸ್ಯಾಮ್‌ಸಂಗ್ ಕೆಲವು ವಾಚುಗಳಲ್ಲಿ ಬಿಪಿ ಕೊಟ್ಟಿದೆ. ಅದಕ್ಕೂ ಮೊದಲು ತೋಳಿನ ಮೆಷಿನ್ನಿನಲ್ಲಿ ಅಳೆದು ಆ ಅಂಕಿ ತುಂಬಬೇಕು, 28 ದಿನಕ್ಕೊಮ್ಮೆ ಮತ್ತೆ ತುಂಬುತ್ತಿರಬೇಕು. ಹೇಗೂ ಮೆಷಿನ್ ಬೇಕು ಅಂದಮೇಲೆ ಮೆಷಿನ್ನನ್ನೇ ತಗೊಳ್ಳಿ ಅನ್ನುತ್ತೇನೆ. ನಿಮ್ಮ ವಾಚಿಗೆ ಕೊಟ್ಟ ದುಡ್ಡಿಗೇ ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ಬರುತ್ತದೆ. ಕಾಫಿ, ಬೀಡಿ ಆಗಿ ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಿರಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಮಾತಾಡುತ್ತಾ ಬೇಡ. ಅಡಿಕೆ ರೇಟ್ ಕೇಳಿದ ಮೇಲಂತೂ ಬೇಡವೇ ಬೇಡ.

ಇದರ ಜೊತೆಗೇ ಹೇಳಿಬಿಡುತ್ತೇನೆ. ಚುಚ್ಚದೆ ಸಕ್ಕರೆ ತೋರಿಸುತ್ತದೆ ಅಂತ ಮಾರುವ ವಾಚು, ಉಂಗುರ ಕೊಳ್ಳಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು, ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಒಂದು ವಾಚಿಗೂ ಒಪ್ಪಿಗೆ ಕೊಟ್ಟಿಲ್ಲ ಅಂತ. ಇನ್ಸುಲಿನ್ ತಗೊಳ್ಳುವವರು ಇಂಥ ಅಂಕಿ ನಂಬಿ ಡೋಸ್ ಹೆಚ್ಚುಕಡಿಮೆ ಮಾಡಿದರೆ ಜೀವಕ್ಕೇ ಸಂಚಕಾರ.

ಪ್ರಶ್ನೆ: ಬ್ಯಾಂಡ್‌ನಲ್ಲಿ ಆಕ್ಸಿಜನ್ ಬೆಳಗಿನ ಜಾವ 91 ತೋರಿಸಿತು. ಏನೂ ತೊಂದರೆ ಇಲ್ಲ, ಆದರೆ ಭಯ.
– ಬ್ಯಾಂಕ್ ಉದ್ಯೋಗಿ, ಚಿಕ್ಕಮಗಳೂರು

ನಿಮ್ಮೂರಿನ ಚಳಿಗೆ ಕೈ ತಣ್ಣಗಾಗಿರುತ್ತದೆ, ಬ್ಯಾಂಡ್ ಜಾರಿರುತ್ತದೆ, ಕೈ ಮೇಲೆ ಮಲಗಿರುತ್ತೀರಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಯಾವುದೋ ಡ್ರಾಯರ್‌ನಲ್ಲಿ ಇರುತ್ತದಲ್ವಾ, ಸೆಲ್ ಹಾಕಿ ಅದರಲ್ಲಿ ನೋಡಿ. ಅದರಲ್ಲಿ ಬೆಳಕು ಬೆರಳನ್ನು ದಾಟಿ ಆ ಕಡೆ ಹೋಗುತ್ತದೆ, ಮಣಿಕಟ್ಟಿನದ್ದಕ್ಕಿಂತ ಅದು ವಾಸಿ. ಅದರಲ್ಲೂ ಕಡಿಮೆ ಬಂದರೆ, ಅಥವಾ ಜೋರು ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುತ್ತೀರಿ ಅಂತಾದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹಾಸನದ ಹೃದಯಾಘಾತದ ಸುದ್ದಿ ಬಂದಾಗಿನಿಂದ ನಮ್ಮ ಯಜಮಾನರು ಇಸಿಜಿ ಬರುವ ವಾಚ್ ಕಟ್ಟಿಕೊಂಡಿದ್ದಾರೆ. ವಯಸ್ಸು 44. ದಿನಕ್ಕೆ ಹತ್ತಾರು ಸಲ ಬೆರಳಿಟ್ಟು ನೋಡುತ್ತಾರೆ. ಒಮ್ಮೊಮ್ಮೆ ‘ಫಲಿತಾಂಶ ಸ್ಪಷ್ಟವಿಲ್ಲ’ ಅಂತ ಬಂದರೆ ಅವತ್ತು ಊಟ ಸೇರುವುದಿಲ್ಲ. ಆ ವಾಚ್ ಹಾರ್ಟ್ ಅಟ್ಯಾಕನ್ನು ಮೊದಲೇ ಹೇಳುತ್ತದಾ?
– ಓದುಗರು, ಅರಸೀಕೆರೆ

ಹೇಳುವುದಿಲ್ಲ ತಾಯಿ. ಇದನ್ನು ಅವರಿಗೆ ಓದಿ ಹೇಳಿ.

2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನಿಂದಲೇ ಸಾಲು ನಿಂತದ್ದು ನಿಮಗೆ ಗೊತ್ತಿದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಭಯ ಸಹಜ. ಭಯಕ್ಕೆ ವಾಚ್ ಮದ್ದಾಗುವುದಿಲ್ಲ.

ಆಸ್ಪತ್ರೆಯ ಇಸಿಜಿಯಲ್ಲಿ ಎದೆಗೆ, ಕೈಕಾಲಿಗೆ ವೈರ್ ಅಂಟಿಸಿ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡುತ್ತಾರೆ. ವಾಚ್ ನೋಡುವುದು ಒಂದೇ ದಿಕ್ಕಿನಿಂದ. ಆ ಒಂದು ಗೆರೆಯಲ್ಲಿ ಮುಖ್ಯವಾಗಿ ಗೊತ್ತಾಗುವುದು ಬಡಿತದ ತಾಳ ತಪ್ಪಿದೆಯಾ ಅಂತ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತೇವೆ, ಹೃದಯದ ಮೇಲಿನ ಕೋಣೆಗಳು ತಾಳ ಇಲ್ಲದೆ ಅದುರುವುದು. ಅದರಿಂದ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಇದನ್ನು ಹಿಡಿಯುವುದರಲ್ಲಿ ವಾಚ್ ನಿಜಕ್ಕೂ ಉಪಯೋಗದ್ದು. ಆದರೆ ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆಯಾ, ನಾಳೆ ಅಟ್ಯಾಕ್ ಆಗುತ್ತದಾ ಅನ್ನುವುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆ್ಯಪಲ್ ಕಂಪನಿ ತನ್ನ ಇಸಿಜಿ ಆ್ಯಪ್‌ನಲ್ಲೇ ಇದು ಹೃದಯಾಘಾತ ಪತ್ತೆ ಮಾಡುವುದಿಲ್ಲ ಅಂತ ಬರೆದಿದೆ. ನಾವು ಓದದೆ ‘ಮುಂದೆ’ ಒತ್ತಿರುತ್ತೇವೆ.

ಅಮೆರಿಕದಲ್ಲಿ ಆ್ಯಪಲ್ ವಾಚ್ ಕಟ್ಟಿದ ನಾಲ್ಕು ಲಕ್ಷಕ್ಕಿಂತ ಹೆಚ್ಚು ಜನರನ್ನು ಸೇರಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿದರು, 2019ರಲ್ಲಿ ಪ್ರಕಟವಾಯಿತು. ನಾಡಿ ಏರುಪೇರಾಗಿದೆ ಅನ್ನುವ ಸೂಚನೆ ಬಂದದ್ದು ಸುಮಾರು ಇನ್ನೂರು ಜನರಲ್ಲಿ ಒಬ್ಬರಿಗೆ. ಅಂಥವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿ ಆಮೇಲೆ ನೋಡಿದಾಗ ಮೂರನೇ ಒಂದು ಭಾಗದಷ್ಟು ಜನರಲ್ಲಿ ಆ ತೊಂದರೆ ಕಂಡಿತು. ಅಂದರೆ ವಾಚ್ ತಾನಾಗಿ ಕರೆದು ಹೇಳಿದರೆ ಡಾಕ್ಟರಿಗೆ ತೋರಿಸಿ, ಕಡೆಗಣಿಸಬೇಡಿ. ಅದು ಸುಮ್ಮನಿದ್ದಾಗ ಇವರೇ ಹತ್ತಾರು ಸಲ ಬೆರಳಿಟ್ಟು ಕೇಳುವುದನ್ನು ನಿಲ್ಲಿಸಿ. ‘ಸ್ಪಷ್ಟವಿಲ್ಲ’ ಅಂದರೆ ಎಷ್ಟೋ ಸಲ ಕೈ ಅಲ್ಲಾಡಿದೆ ಅಂತ ಅಷ್ಟೇ.

ಎದೆ ಹಿಂಡಿದ ಹಾಗೆ ನೋವು, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ಸಕ್ಕರೆ ಕಾಯಿಲೆ ಇದ್ದವರಿಗೆ ಬರೀ ವಿಪರೀತ ಸುಸ್ತು. ಇದರಲ್ಲಿ ಯಾವುದಾದರೂ ಬಂದರೆ ವಾಚ್ ಕಡೆ ನೋಡಲೇಬೇಡಿ. ಅದು ‘ನಾರ್ಮಲ್’ ಅಂದರೂ ಹೊರಡಿ. ಗ್ಯಾಸ್ ಅಂತ ಸೋಡಾ ಕುಡಿದು ಕಾಯುವುದೂ ಬೇಡ. ನಮ್ಮ ರಾಜ್ಯದಲ್ಲಿ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಹೊತ್ತು ಕಳೆದಷ್ಟೂ ಆ ಇಂಜೆಕ್ಷನ್ನಿನ ಉಪಯೋಗ ಕಡಿಮೆ.

ಯಜಮಾನರಿಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಒಂದು ಸಲ ಮಾಡಿಸಿ. ಬೀಡಿ, ಸಿಗರೇಟು ಇದ್ದರೆ ಬಿಡಿಸಿ. ವಾಚಿನ ದುಡ್ಡಿಗೆ ಹೋಲಿಸಿದರೆ ಆ ಪರೀಕ್ಷೆಗಳ ಖರ್ಚು ಏನೂ ಅಲ್ಲ.

ಪ್ರಶ್ನೆ: ದಿನಾ ಕುಂದವಾಡ ಕೆರೆ ಸುತ್ತುತ್ತೇನೆ. ಬ್ಯಾಂಡ್ 550 ಕ್ಯಾಲರಿ ಕರಗಿತು ಅನ್ನುತ್ತದೆ. ಆ ಧೈರ್ಯದ ಮೇಲೆ ವಾಪಸ್ ಬರುವಾಗ ಬೆಣ್ಣೆದೋಸೆ ತಿನ್ನುತ್ತೇನೆ. ತೂಕ ಇಳಿಯುವ ಬದಲು ಎರಡು ಕೆಜಿ ಏರಿದೆ. ಹೇಗೆ?
– ಬಟ್ಟೆ ಅಂಗಡಿಯವರು, ದಾವಣಗೆರೆ

ನಮ್ಮೂರಿನವರೇ! ಪತ್ರ ಬರೆಯುವ ಬದಲು ಕೆರೆ ಏರಿ ಮೇಲೆ ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ.

ಕ್ಯಾಲರಿ ಅನ್ನುವುದು ಬ್ಯಾಂಡ್‌ನ ಅತಿ ಸಡಿಲ ಲೆಕ್ಕ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ ಏಳು ಬಗೆಯ ಬ್ಯಾಂಡ್, ವಾಚು ತಗೊಂಡು ಪರೀಕ್ಷೆ ಮಾಡಿದರು. ನಾಡಿಯಲ್ಲಿ ಆರು ಚೆನ್ನಾಗಿಯೇ ಇದ್ದವು, ತಪ್ಪು ನೂರಕ್ಕೆ ಐದರೊಳಗೆ. ಕ್ಯಾಲರಿಗೆ ಬಂದಾಗ ಅತಿ ಒಳ್ಳೆಯದೇ ಶೇ. 27ರಷ್ಟು ತಪ್ಪಿತು, ಅತಿ ಕೆಟ್ಟದ್ದು ಶೇ. 93ರಷ್ಟು. ಅದರ ಜೊತೆಗೆ, ಎಷ್ಟೋ ಆ್ಯಪ್‌ಗಳು ತೋರಿಸುವ ಅಂಕಿಯಲ್ಲಿ ನೀವು ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದ ಕ್ಯಾಲರಿಯೂ ಸೇರಿರುತ್ತದೆ. ದೋಸೆಯ ಲೆಕ್ಕದಲ್ಲಿ ಮಾತ್ರ ನೀವು ಬೆಣ್ಣೆ ಸೇರಿಸಿರುವುದಿಲ್ಲ, ಆಲೂಗಡ್ಡೆ ಪಲ್ಯ ಸೇರಿಸಿರುವುದಿಲ್ಲ. ಒಂದೇ ದೋಸೆ ತಿಂದೆ ಅಂತ ಹೇಳಿ ನೋಡೋಣ!

ಬ್ಯಾಂಡ್ ಕಟ್ಟಿದರೆ ತೂಕ ಇಳಿಯುತ್ತದೆ ಅನ್ನುವುದಕ್ಕೂ ಆಧಾರ ಗಟ್ಟಿಯಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಎರಡು ವರ್ಷದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. 471 ಜನ. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಇತ್ತು. ಅರ್ಧ ಜನಕ್ಕೆ ಮಧ್ಯದಲ್ಲಿ ಮೈಗೆ ಕಟ್ಟುವ ಯಂತ್ರವೂ ಕೊಟ್ಟರು. ಕೊನೆಗೆ ಯಂತ್ರ ಇಲ್ಲದವರು ಸರಾಸರಿ 5.9 ಕೆಜಿ ಇಳಿದರು, ಯಂತ್ರ ಇದ್ದವರು 3.5 ಕೆಜಿ. ಯಾಕೆ ಹೀಗಾಯಿತು ಅಂತ ಅವರು ಖಚಿತವಾಗಿ ಹೇಳಲಿಲ್ಲ. ನನಗೆ ಮಾತ್ರ ನಿಮ್ಮ ದೋಸೆಯ ಮೇಲೆ ಗುಮಾನಿ. ಕ್ಯಾಲರಿಯ ಪರದೆಯನ್ನು ಮರೆಮಾಡಿ, ಹೆಜ್ಜೆ ಮತ್ತು ನಾಡಿ ಇಟ್ಟುಕೊಳ್ಳಿ. ಬೆಣ್ಣೆದೋಸೆ ಭಾನುವಾರಕ್ಕೆ.

ಪ್ರಶ್ನೆ: ನನಗೆ 29, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ ಎದ್ದಾಗ ಚೆನ್ನಾಗೇ ಇರುತ್ತೇನೆ. ನಿದ್ದೆಯ ಅಂಕ 61, ಗಾಢನಿದ್ದೆ 38 ನಿಮಿಷ ಅಂತ ನೋಡಿದ ಕೂಡಲೇ ಸುಸ್ತು. ಈಗ ಮಲಗುವಾಗಲೇ ಅಂಕದ ಚಿಂತೆ.
– ಓದುಗ, ಎಚ್‌ಎಸ್‌ಆರ್ ಬಡಾವಣೆ

ನಿಮ್ಮ ತರಹದವರು ಎಷ್ಟು ಜನ ಆದರು ಅಂದರೆ, 2017ರಲ್ಲಿ ಅಮೆರಿಕದ ನಿದ್ರಾತಜ್ಞರು ಇದಕ್ಕೊಂದು ಹೆಸರೇ ಇಟ್ಟರು: ಆರ್ಥೋಸೋಮ್ನಿಯಾ. ಒಳ್ಳೆ ಅಂಕದ ನಿದ್ದೆ ಬರಬೇಕು ಅನ್ನುವ ಹಟದಲ್ಲಿ ಇರುವ ನಿದ್ದೆಯೂ ಹೋಗುವುದು.

ಗಾಢನಿದ್ದೆಯೋ ಕನಸಿನ ನಿದ್ದೆಯೋ ಅಂತ ಸರಿಯಾಗಿ ಹೇಳಬೇಕಾದರೆ ತಲೆಗೆ ವೈರ್ ಅಂಟಿಸಿ ಮೆದುಳಿನ ಅಲೆ ನೋಡಬೇಕು. ಮಣಿಕಟ್ಟಿನ ಬ್ಯಾಂಡ್‌ಗೆ ಮೆದುಳು ಎಲ್ಲಿ ಸಿಗಬೇಕು? ಕೈ ಅಲ್ಲಾಡುತ್ತಿಲ್ಲ, ನಾಡಿ ಇಳಿದಿದೆ, ಆದ್ದರಿಂದ ಗಾಢನಿದ್ದೆ ಇರಬಹುದು ಅಂತ ಊಹಿಸುತ್ತದೆ. ಅಲ್ಲಾಡದೆ ಮಲಗಿ ಫೋನ್ ನೋಡಿದರೂ ಒಮ್ಮೊಮ್ಮೆ ನಿದ್ದೆ ಅನ್ನುತ್ತದೆ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ ಅನ್ನುವುದನ್ನು ಮಾತ್ರ ಸುಮಾರು ಸರಿಯಾಗಿ ಹೇಳುತ್ತದೆ. ನಿಮಗೆ ಬೇಕಾದ್ದೂ ಅಷ್ಟೇ. ಒಂದು ತಿಂಗಳು ಬ್ಯಾಂಡ್ ಬಿಚ್ಚಿಟ್ಟು ಮಲಗಿ. ಬೆಳಿಗ್ಗೆ ಚೆನ್ನಾಗಿದ್ದೀರಿ ಅನ್ನಿಸಿದರೆ ಚೆನ್ನಾಗಿದ್ದೀರಿ. ಅದಾಗಿಯೂ ಹಾಸಿಗೆ ಕಂಡರೆ ಚಿಂತೆ ಶುರುವಾಗುತ್ತದೆ ಅಂತಾದರೆ ನಿಮ್ಹಾನ್ಸ್ ನಿಮ್ಮೂರಲ್ಲೇ ಇದೆ. ಫೋನ್, ಇಂಟರ್ನೆಟ್ ಗೀಳಿಗೆ ಅಲ್ಲಿ ‘ಶಟ್’ ಅನ್ನುವ ಪ್ರತ್ಯೇಕ ಕ್ಲಿನಿಕ್ ಕೂಡ ಇದೆ.

ಪ್ರಶ್ನೆ: ಬರೀ ಬೈಗುಳದ ಪತ್ರಗಳೇ ಬರುತ್ತವೆ ಅಂತ ಕಾಣುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಟೈಲರ್. ಬೆಳಿಗ್ಗೆಯಿಂದ ಸಂಜೆವರೆಗೆ ಮೆಷಿನ್ ಮುಂದೆ ಕೂತಿರುತ್ತಿದ್ದೆ. ತಂಗಿ ಕೊಟ್ಟ ಬ್ಯಾಂಡ್ ಗಂಟೆಗೊಮ್ಮೆ ಗುಂಯ್ ಅನ್ನುತ್ತದೆ. ಎದ್ದು ರಸ್ತೆ ತುದಿವರೆಗೆ ಹೋಗಿ ಬರುತ್ತೇನೆ. ಸೊಂಟನೋವು ಎಷ್ಟೋ ಕಡಿಮೆ. ಇನ್ನೂ ಏನಾದರೂ ಉಪಯೋಗ ಇದೆಯಾ?
– ಟೈಲರ್, ಹರಿಹರ

ಅಕ್ಕಾ, ನಿಮ್ಮ ಪತ್ರ ಓದಿ ಖುಷಿಯಾಯಿತು. ಬ್ಯಾಂಡ್‌ನ ಅತಿ ಒಳ್ಳೆ ಉಪಯೋಗ ನೀವು ಕಂಡುಕೊಂಡದ್ದೇ. ಅಂಕಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಈ ಗುಂಯ್‌ಗೆ ಏನೂ ಕುಂದಿಲ್ಲ.

ಇನ್ನೊಂದು ಇದೆ, ಯಾರೂ ಕೇಳುವುದಿಲ್ಲ. ವಿಶ್ರಾಂತಿ ನಾಡಿ. ನೀವು ಸುಮ್ನೆ ಇರುವಾಗ, ಮಲಗಿರುವಾಗ ನಿಮಿಷಕ್ಕೆ ಎಷ್ಟು ಬಡಿತ ಅಂತ ಅದು ದಿನಾ ಬರೆದಿಡುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 60ರಿಂದ 100. ಆದರೆ ನೋಡಬೇಕಾದ್ದು ಬೇರೆಯವರದ್ದನ್ನಲ್ಲ, ನಿಮ್ಮದೇ ಹಿಂದಿನ ತಿಂಗಳ ಅಂಕಿಯನ್ನು. ಕೈ ಅಲ್ಲಾಡದಿರುವಾಗ ಬೆಳಕಿನ ಅಳತೆ ಚೆನ್ನಾಗಿ ಸಿಗುತ್ತದೆ, ಹಾಗಾಗಿ ಈ ಅಂಕಿ ನಂಬಿಕಸ್ಥ. ನಿಯಮಿತವಾಗಿ ನಡೆದರೆ ಇದು ನಿಧಾನಕ್ಕೆ ಇಳಿಯುತ್ತದೆ. ಜ್ವರ ಬರುವಾಗ ಏರುತ್ತದೆ.

ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಬಂದಿದ್ದರು. ಕಾಯಿಲೆ ಅಂತ ಏನೂ ಹೇಳಲಿಲ್ಲ. ‘ಸ್ವಲ್ಪ ಸುಸ್ತು, ವಯಸ್ಸಾಯ್ತಲ್ಲ’ ಅಂದರು. ಆಮೇಲೆ ಹೊರಡುವಾಗ ಫೋನ್ ತೋರಿಸಿದರು. ವಿಶ್ರಾಂತಿ ನಾಡಿ 68 ಇದ್ದದ್ದು ಕೆಲವು ತಿಂಗಳಲ್ಲಿ ಮೆಲ್ಲಗೆ 86ಕ್ಕೆ ಏರಿತ್ತು. ಗ್ರಾಫ್ ನೋಡಿದರೆ ಏರುವ ರಸ್ತೆಯ ಹಾಗೆ, ಎಲ್ಲೂ ಜಿಗಿತ ಇಲ್ಲ. ಕೂರಿಸಿ ಕಣ್ಣ ರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 7.4. ಮುಟ್ಟಿನ ರಕ್ತಸ್ರಾವ ವಿಪರೀತ ಆಗುತ್ತಿತ್ತು, ಅವರು ಅದನ್ನು ಹೇಳಿಯೇ ಇರಲಿಲ್ಲ. ಬ್ಯಾಂಡ್ ರಕ್ತಹೀನತೆ ಅಂತ ಹೇಳಲಿಲ್ಲ, ಹೇಳಲಾರದು. ಏನೋ ಬದಲಾಗಿದೆ ಅಂತ ತೋರಿಸಿತು. ಇಂಥ ಗ್ರಾಫ್ ತಂದರೆ ನಾನು ಬೇಡ ಅನ್ನುವುದಿಲ್ಲ. ನೀವೂ ತಿಂಗಳಿಗೊಮ್ಮೆ ಆ ಅಂಕಿ ನೋಡಿ, ದಿನಾ ಬೇಡ. ಕಾರಣ ಇಲ್ಲದೆ ಹತ್ತು ಬಡಿತದಷ್ಟು ಏರಿ ಅಲ್ಲೇ ನಿಂತರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಎಷ್ಟು ಬಿರುಸಾಗಿ ನಡೆದರೂ ನನ್ನ ನಾಡಿ 100 ದಾಟುವುದಿಲ್ಲ. ಬ್ಯಾಂಡ್ ‘ವ್ಯಾಯಾಮ ಸಾಲದು’ ಅನ್ನುತ್ತದೆ. ಮೆಟೊಪ್ರೊಲೋಲ್ ಮಾತ್ರೆ ತಗೊಳ್ಳುತ್ತೇನೆ.
– ಓದುಗರು, ಕುಂದಾಪುರ

ಉತ್ತರ ನಿಮ್ಮ ಕೊನೇ ಸಾಲಿನಲ್ಲೇ ಇದೆ. ಆ ಮಾತ್ರೆಯ ಕೆಲಸವೇ ನಾಡಿಯನ್ನು ಹಿಡಿದಿಡುವುದು. ಬ್ಯಾಂಡ್ 220ರಲ್ಲಿ ವಯಸ್ಸು ಕಳೆಯುವಂಥ ಒಂದು ಸೂತ್ರ ಇಟ್ಟುಕೊಂಡು ಗುರಿ ಹಾಕಿರುತ್ತದೆ, ಅದಕ್ಕೆ ನಿಮ್ಮ ಮಾತ್ರೆ ಗೊತ್ತಿಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ಬ್ಯಾಂಡ್ ಬೈಯ್ದರೆ ಬೈಯಲಿ. ಮಾತ್ರೆ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಆಫೀಸಿನವರು ಎಲ್ಲರಿಗೂ ಬ್ಯಾಂಡ್ ಉಚಿತವಾಗಿ ಕೊಟ್ಟಿದ್ದಾರೆ. ಹೆಜ್ಜೆ ಸ್ಪರ್ಧೆ ಇದೆ, ಗೆದ್ದವರಿಗೆ ಬಹುಮಾನ. ಆ್ಯಪ್‌ನಲ್ಲಿ ಮುಟ್ಟಿನ ದಿನಾಂಕವನ್ನೂ ಕೇಳುತ್ತದೆ. ಕೊಡಬೇಕಾ?
– ಉದ್ಯೋಗಸ್ಥೆ, ಮಂಗಳೂರು

ಕೊಡಬೇಡಿ. ಹೆಜ್ಜೆ ಎಣಿಸಲು ಅದು ಯಾಕೆ ಬೇಕು?

ಈ ಆ್ಯಪ್‌ಗಳಿಂದ ಏನೆಲ್ಲ ಹೊರಗೆ ಬೀಳಬಹುದು ಅನ್ನುವುದಕ್ಕೆ ಒಂದು ಘಟನೆ. ಓಡುವವರು, ಸೈಕಲ್ ಹೊಡೆಯುವವರು ಬಳಸುವ ಸ್ಟ್ರಾವಾ ಅನ್ನುವ ಆ್ಯಪ್, ಜನ ಎಲ್ಲೆಲ್ಲಿ ಓಡಿದ್ದಾರೆ ಅಂತ ಜಗತ್ತಿನ ನಕ್ಷೆ ಮಾಡಿ ಪ್ರಕಟಿಸಿತ್ತು. ಯಾರ ಹೆಸರೂ ಇರಲಿಲ್ಲ. 2018ರ ಜನವರಿಯಲ್ಲಿ ಒಬ್ಬ ವಿದ್ಯಾರ್ಥಿ ನೋಡಿದರೆ, ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಮರುಭೂಮಿಯ ನಡುವೆ ಬೆಳಗುವ ಗೆರೆಗಳು. ಅಮೆರಿಕದ ಸೈನಿಕರು ಶಿಬಿರದೊಳಗೆ ಜಾಗಿಂಗ್ ಮಾಡಿದ ದಾರಿ ಅದು! ಸೈನ್ಯಕ್ಕೇ ಹೀಗಾದರೆ ನಮ್ಮ ನಿಮ್ಮ ಮನೆ ದಾರಿ ಯಾವ ಲೆಕ್ಕ?

ಆ್ಯಪ್‌ನಲ್ಲಿ ಜಾಗದ ಅನುಮತಿ ವಾಕಿಂಗ್ ಹೊತ್ತಿನಲ್ಲಿ ಮಾತ್ರ ಕೊಡಿ. ಕಾಂಟ್ಯಾಕ್ಟ್, ಫೋಟೋ ಕೊಡಬೇಡಿ. ಆಫೀಸಿನ ಸ್ಪರ್ಧೆಗೆ ಹೆಜ್ಜೆ ಬಿಟ್ಟು ಬೇರೇನೂ ಹೋಗದ ಹಾಗೆ ಸೆಟ್ಟಿಂಗ್ ನೋಡಿ, ನಾಡಿ ನಿದ್ದೆಯೆಲ್ಲ ಎಚ್‌ಆರ್‌ನವರಿಗೆ ಯಾಕೆ? ನಮ್ಮ ದೇಶದಲ್ಲಿ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಆಗಿದೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳುವ ಹಕ್ಕು ಅದರಲ್ಲಿದೆ.

ಇನ್ನು ಬಹುಮಾನ. ನನ್ನ ಹತ್ತಿರ ಬರುವ ಒಬ್ಬ ಹುಡುಗ ಬ್ಯಾಂಡನ್ನು ತಂಗಿಯ ಜೋಕಾಲಿಗೆ ಕಟ್ಟಿ ಸ್ಪರ್ಧೆ ಗೆದ್ದ. ಬಹುಮಾನ ಏನು ಗೊತ್ತಾ? ಇನ್ನೊಂದು ಬ್ಯಾಂಡು.

ಪ್ರಶ್ನೆ: ಬ್ಯಾಂಡ್ ಕಟ್ಟಿದ ಜಾಗದಲ್ಲಿ ಕೆಂಪಗೆ ತುರಿಕೆ. ಇನ್ನೊಂದು, ನಮ್ಮ ಮಾವನವರಿಗೆ ಪೇಸ್‌ಮೇಕರ್ ಇದೆ, ಅವರು ಕಟ್ಟಬಹುದಾ?
– ಓದುಗರು, ಶಿರಸಿ

ತುರಿಕೆ ಹೆಚ್ಚಾಗಿ ಬೆವರು, ಸೋಪು ಪಟ್ಟಿಯಡಿ ಉಳಿದು ಆಗುವುದು. ಬಿಚ್ಚಿ ತೊಳೆದು ಒಣಗಿಸಿ, ರಾತ್ರಿ ಕೈಗೆ ಬಿಡುವು ಕೊಡಿ, ಒಂದು ಬೆರಳು ತೂರುವಷ್ಟು ಸಡಿಲ ಇಡಿ. ಸ್ನಾನಕ್ಕೆ ಬಿಚ್ಚಿಡಿ. ನೀರು ನಿರೋಧಕ ಅಂತ ಬರೆದಿದ್ದರೂ ಬಿಸಿನೀರು, ಸೋಪಿಗೆ ಅದರ ಅಂಚು ಸಡಿಲವಾಗುತ್ತದೆ. ಬಕಲ್ ತಾಗುವ ಕಡೆ ಮಾತ್ರ ಕೆಂಪಾಗಿದ್ದರೆ ಅದು ನಿಕ್ಕಲ್ ಅಲರ್ಜಿ ಇರಬಹುದು, ಬಟ್ಟೆಯ ಪಟ್ಟಿ ಹಾಕಿಸಿ. ಹೊತ್ತಿದ ಹಾಗೆ ಬಿಸಿಯಾದರೆ ಮುಲಾಜಿಲ್ಲದೆ ಬಿಚ್ಚಿ. ಬ್ಯಾಟರಿ ಕಾದು ಕೈ ಸುಟ್ಟ ದೂರುಗಳು ಬಂದು 2022ರಲ್ಲಿ ಫಿಟ್‌ಬಿಟ್ ತನ್ನ ಅಯಾನಿಕ್ ವಾಚುಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತ್ತು.

ಮಾವನವರು ಮೊದಲು ಪೇಸ್‌ಮೇಕರ್ ಹಾಕಿದ ಡಾಕ್ಟರನ್ನು ಕೇಳಲಿ. ಕೆಲವು ವಾಚು, ಚಾರ್ಜರ್, ಪಟ್ಟಿಯ ಕೊಕ್ಕೆಗಳಲ್ಲಿ ಅಯಸ್ಕಾಂತ ಇರುತ್ತದೆ. ಅಂಥವು ಪೇಸ್‌ಮೇಕರ್‌ನಿಂದ ಆರು ಇಂಚು ದೂರ ಇರಬೇಕು ಅಂತ ಎಫ್‌ಡಿಎ ಹೇಳುತ್ತದೆ. ಪೇಸ್‌ಮೇಕರ್ ಇಲ್ಲದ ಕಡೆಯ ಕೈಗೆ ಕಟ್ಟಲಿ, ಎದೆಯ ಮೇಲೆ ಕೈ ಇಟ್ಟು ಮಲಗುವ ಅಭ್ಯಾಸ ಇದ್ದರೆ ರಾತ್ರಿ ಬಿಚ್ಚಿಡಲಿ. ಮೈಯೊಳಕ್ಕೆ ಸಣ್ಣ ಕರೆಂಟ್ ಹಾಯಿಸಿ ಕೊಬ್ಬು ಎಷ್ಟಿದೆ ಅಂತ ಅಳೆಯುವ ವಾಚುಗಳೂ ಇವೆ, ಅದು ಅವರಿಗೆ ಬೇಡ. ಅಂಗಡಿಯವನಿಗೆ ಈ ವಿಷಯ ಗೊತ್ತಿರುವುದಿಲ್ಲ. ಡಬ್ಬದೊಳಗಿನ ಸಣ್ಣ ಅಕ್ಷರದ ಚೀಟಿಯಲ್ಲಿ ಇರುತ್ತದೆ, ಭೂತಗನ್ನಡಿ ಹಿಡಿದಾದರೂ ಓದಿ.